ರೋಗಿಯ ಊರನ್ನು ನೋಡುವ ವಿದ್ಯೆ

ಗದಗಿನಲ್ಲಿ ಸರ್ಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2015ರಲ್ಲಿ ಆರಂಭವಾದ ಮೇಲೆ, ಎರೆಹೊಲದ ಬಿಳಿಜೋಳವನ್ನೂ ಕಡಲೆಯನ್ನೂ ಹತ್ತಿಯನ್ನೂ ನಂಬಿ ಬಾಳಿದ ನಮ್ಮ ಹೊಂಬಳದಂತಹ ಗ್ರಾಮಗಳ ಮನೆಗಳಲ್ಲಿಯೂ ವೈದ್ಯವಿದ್ಯಾರ್ಥಿಗಳು ಕಾಣಿಸಿಕೊಳ್ಳತೊಡಗಿದ್ದಾರೆ. ಅವರ ಒಡನೆ, ಹಿಂದೆ ಈ ಅಂಕಣಕ್ಕೆ ಎಂದೂ ಬಾರದಿದ್ದ ಒಂದು ಪ್ರಶ್ನೆಯೂ ಪದೇ ಪದೇ ಬರತೊಡಗಿದೆ. ಓದಿನ ನಡುವೆ ಕೆಲವು ವಾರಗಳ ಮಟ್ಟಿಗೆ ಆಫ್ರಿಕೆಯ ಯಾವುದಾದರೊಂದು ಆಸ್ಪತ್ರೆಗೆ ಹೋಗಿ ಅಲ್ಲಿಯ ವಾರ್ಡುಗಳಲ್ಲಿ ಕೆಲಸಮಾಡಿ ಬರಬೇಕೆಂಬ ಅಪೇಕ್ಷೆ ಈ ತರುಣತರುಣಿಯರಲ್ಲಿ ಮೂಡಿದೆ. ಅವರ ತಂದೆತಾಯಿಗಳಿಗೆ ಇದು ಕಳವಳದ ಸಂಗತಿ. “ಸಾಹೇಬ್ರ, ನಮ್ಮ ಹುಡುಗಿ ಆಫ್ರಿಕಾಕ್ಕ ಹೊಂಟೇನಂತಾಳ್ರೀ, ಅಲ್ಲೇನು ಕಲೀತಾಳ? ಕಳಸೂದೋ ಬ್ಯಾಡೋ?” ಎಂದು ಊರಿನ ಹಿರಿಯರೊಬ್ಬರು ಈಚೆಗೆ ನನ್ನನ್ನು ಕೇಳಿದರು. ನಾನು ಎಳೆಯ ವೈದ್ಯನಾಗಿದ್ದಾಗ ಟಾಂಜಾನಿಯಾ ದೇಶದ ಉತ್ತರಭಾಗದ ಆಸ್ಪತ್ರೆಯೊಂದರಲ್ಲಿ ಕೆಲಕಾಲ ಇದ್ದು ಬಂದವನೆಂಬುದು ಅವರಿಗೆ ತಿಳಿದಿತ್ತು. ಅವರಿಗೆ ನಿಂತಲ್ಲಿಯೇ ಕೊಟ್ಟ ಉತ್ತರ ಚಿಕ್ಕದು: ಕಳುಹಿಸಿರಿ. ಆ ಉತ್ತರದ ಹಿಂದಿರುವ ಕಾರಣಗಳನ್ನು ಹೇಳುವುದಕ್ಕೆ ಸಾವಧಾನ ಬೇಕಾಗಿರುವುದರಿಂದ ಇಂದಿನ ಬರಹವನ್ನು ಅದಕ್ಕಾಗಿಯೇ ಮೀಸಲಿಡುತ್ತೇನೆ.

ಇಂತಹ ಪ್ರವಾಸಕ್ಕೆ ಹೊರಡುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಕೋಣೆಗಳಿರುತ್ತವೆ. ಒಂದರಲ್ಲಿ ಆಸ್ಪತ್ರೆಯ ಕೆಲಸ, ಮತ್ತೊಂದರಲ್ಲಿ ದೇಶಸಂಚಾರ. ವಾರದ ಐದು ದಿನ ರೋಗಿಗಳನ್ನು ನೋಡುವುದು, ಉಳಿದೆರಡು ದಿನ ಸಿಂಹಗಳನ್ನೂ ಜಿರಾಫೆಗಳನ್ನೂ ನೋಡುವುದು. ಮೊದಲನೆಯದು ಕರ್ತವ್ಯ, ಎರಡನೆಯದು ಅದಕ್ಕೆ ದೊರೆಯುವ ಬಹುಮಾನ. ಈ ವಿಭಾಗ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ರೋಗವು ಆಸ್ಪತ್ರೆಯಲ್ಲಿ ಹುಟ್ಟುವುದಿಲ್ಲ. ಬಾವಿಯಲ್ಲಿ, ಹೊಲದಲ್ಲಿ, ಅಡಿಗೆಯ ಒಲೆಯ ಬಳಿಯಲ್ಲಿ, ಬಸ್ಸು ನಿಲ್ಲುವ ಚೌಕದಲ್ಲಿ ಹುಟ್ಟಿ, ಬೆಳೆದು, ಬಲಿತು, ಕೊನೆಗೆ ಆಸ್ಪತ್ರೆಯ ಬಾಗಿಲಿಗೆ ಬರುತ್ತದೆ. ಸ್ವದೇಶದಲ್ಲಿ ಈ ಹಿನ್ನೆಲೆ ನಮಗೆ ಅಭ್ಯಾಸವಾಗಿ ಹೋಗಿರುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಪರದೇಶದಲ್ಲಿ ಎಲ್ಲವೂ ಹೊಸದಾಗಿರುವುದರಿಂದ ಪ್ರತಿಯೊಂದನ್ನೂ ಕೇಳಿಯೇ ತಿಳಿಯಬೇಕಾಗುತ್ತದೆ. ಹಾಗೆ ಕೇಳುವ ಶೀಲವನ್ನು ಬೆಳೆಯಿಸಿಕೊಳ್ಳುವುದೇ ಈ ಪ್ರವಾಸದ ಪರಮ ಪ್ರಯೋಜನ. ಆದುದರಿಂದ ಊರನ್ನು ನೋಡುವುದೂ ರೋಗಿಯನ್ನು ನೋಡುವುದೂ ಒಂದೇ ಅಭ್ಯಾಸದ ಎರಡು ಪಾಠಗಳೆಂದು ತಿಳಿದು ಹೊರಟವನು ಮಾತ್ರ ಅಲ್ಲಿಂದ ವೈದ್ಯನಾಗಿ ಮರಳುತ್ತಾನೆ.

ಪರದೇಶದ ವೈದ್ಯರು ಬಂದು ಕಲಿತು ಹೋಗುವ ಊರು ಹೇಗಿರುತ್ತದೆಂಬುದನ್ನು ತಿಳಿಯಲು ಗದಗಿನವರು ದೂರ ಹೋಗಬೇಕಾಗಿಲ್ಲ, ಏಕೆಂದರೆ ನಮ್ಮದೇ ಒಂದು ಕಾಲಕ್ಕೆ ಅಂತಹ ಊರಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1841ರಲ್ಲಿ ನಮ್ಮ ಬೆಟಗೇರಿಗೂ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಟಗೇರಿಯಲ್ಲಿ ಆ ಮಿಶನ್ನಿನ ಆಸ್ಪತ್ರೆಯೂ ನಡೆಯತೊಡಗಿತು. ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಹೆರಿಗೆಯ ನೋವು ಕಠಿಣವಾದರೆ ಚಕ್ಕಡಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದ ಕಥೆಗಳನ್ನು ನಾವು ಹಿರಿಯರ ಬಾಯಿಂದ ಕೇಳಿ ಬೆಳೆದವರು. ಇದೇ ಸಂಸ್ಥೆಯು ಭಾರತಕ್ಕೆ ಬರುವ ಮುನ್ನವೇ, 1828ರಲ್ಲಿ, ಇಂದಿನ ಘಾನಾ ದೇಶವಾದ ಗೋಲ್ಡ್ ಕೋಸ್ಟಿಗೆ ತನ್ನ ಜನರನ್ನು ಕಳುಹಿಸಿತ್ತು. ಅಲ್ಲಿಗೆ ಮೊದಲು ಹೋದ ನಾಲ್ವರೂ ಕೆಲವೇ ವರ್ಷಗಳೊಳಗಾಗಿ ಜ್ವರಾದಿಗಳಿಗೆ ತುತ್ತಾದರು. ಅನಂತರ 1832ರಲ್ಲಿ ಹೋದ ಆಂಡ್ರಿಯಾಸ್ ರೀಸ್ ಎಂಬವರ ಸಂಗಡಿಗರೂ ಅಳಿದರು. ರೀಸರು ಮಾತ್ರ ಒಬ್ಬ ಆಫ್ರಿಕನ್ ನಾಟಿವೈದ್ಯನ ಚಿಕಿತ್ಸೆಯಿಂದ ಉಳಿದುಕೊಂಡರು. ಕಲಿಸುವುದಕ್ಕೆಂದು ಹೋದ ಯುರೋಪಿಯನ್ನನನ್ನು ಅಲ್ಲಿಯವನೊಬ್ಬನು ಬದುಕಿಸಿದನೆಂಬ ಈ ವೃತ್ತಾಂತವನ್ನು ಆಫ್ರಿಕೆಗೆ ಹೊರಡುವ ಪ್ರತಿಯೊಬ್ಬ ವೈದ್ಯವಿದ್ಯಾರ್ಥಿಯೂ ಮನನ ಮಾಡಬೇಕು. ಅಲ್ಲಿಗೆ ಹೋಗುವವನು ದಾತನಾಗಿ ಹೋಗುವುದಿಲ್ಲ, ಶಿಷ್ಯನಾಗಿ ಹೋಗುತ್ತಾನೆ.

ಶಿಷ್ಯನಾಗಿ ಏನನ್ನು ಕಲಿಯುತ್ತಾನೆಂದು ಕೇಳಿದರೆ, ಮೊತ್ತಮೊದಲು ತನ್ನ ಐದು ಇಂದ್ರಿಯಗಳನ್ನು ನಂಬುವುದನ್ನು ಎಂದು ಹೇಳುತ್ತೇನೆ. ಕಂಪಾಲಾದ ಮುಲಾಗೊ, ಬ್ಲಾಂಟೈರಿನ ಕ್ವೀನ್ ಎಲಿಜಬೆತ್, ಲುಸಾಕಾದ ವಿಶ್ವವಿದ್ಯಾಲಯದ ಆಸ್ಪತ್ರೆ, ಕಿಲಿಮಂಜಾರೊ ಪರ್ವತದ ತಪ್ಪಲಿನ ಮೋಶಿಯಲ್ಲಿ 1971ರಲ್ಲಿ ತೆರೆದ ಕ್ರೈಸ್ತ ವೈದ್ಯಕೀಯ ಕೇಂದ್ರ ಮೊದಲಾದವು ಬೋಧಕ ಆಸ್ಪತ್ರೆಗಳು. ಅಲ್ಲಿ ಯಂತ್ರಗಳೂ ತಜ್ಞರೂ ಇದ್ದಾರೆ. ಜಿಲ್ಲೆಯ ಆಸ್ಪತ್ರೆಗಳ ಸ್ಥಿತಿ ಬೇರೆ. ಎಕ್ಸ್‌ರೇ ಯಂತ್ರವಿದ್ದರೆ ಫಿಲ್ಮು ಇರುವುದಿಲ್ಲ, ಫಿಲ್ಮು ಬಂದ ದಿನ ಕರೆಂಟು ಇರುವುದಿಲ್ಲ, ರಕ್ತಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ರೋಗಿಯ ಗತಿಯೇ ನಿರ್ಧಾರವಾಗಿರುತ್ತದೆ. ಅಂತಹ ಸ್ಥಳದಲ್ಲಿ, ಮಗುವಿನ ಕಣ್ಣಿನ ರೆಪ್ಪೆಯನ್ನು ಕೆಳಗೆ ಎಳೆದು ರಕ್ತಹೀನತೆಯನ್ನು ಅಳೆಯುವ, ಉಬ್ಬಿದ ಗುಲ್ಮವನ್ನು ಬೆರಳ ತುದಿಯಿಂದ ಗುರುತಿಸುವ, ಉಸಿರಾಟವನ್ನು ಗಡಿಯಾರ ಹಿಡಿದು ಎಣಿಸಿ ನ್ಯುಮೋನಿಯಾವನ್ನು ನಿರ್ಣಯಿಸುವ ಹಳೆಯ ವಿದ್ಯೆ ಮತ್ತೆ ಜೀವಂತವಾಗುತ್ತದೆ. ಲೋಕದ ಮಲೇರಿಯಾ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನ ಪಾಲು ಆಫ್ರಿಕೆಯದು. ಅದರಿಂದ ಸಾಯುವವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ನಮ್ಮ ವಿದ್ಯಾರ್ಥಿಯು ಪುಸ್ತಕದಲ್ಲಿ ಓದಿದ ಮಿದುಳಿನ ಮಲೇರಿಯಾವನ್ನು ಅಲ್ಲಿ ಮಳೆಗಾಲದ ಒಂದೇ ರಾತ್ರಿಯಲ್ಲಿ ಹಲವು ತಾಯಂದಿರ ತೊಡೆಗಳ ಮೇಲೆ ನೋಡಬಹುದು. ಕುಡಗೋಲಿನಾಕಾರದ ರಕ್ತಕಣಗಳ ರೋಗ ಆ ಸೀಮೆಯಲ್ಲಿ ಏಕೆ ಅಷ್ಟು ಹೆಚ್ಚು ಎಂಬುದಕ್ಕೆ, ಆ ರಕ್ತಗುಣವನ್ನು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಪಡೆದವರಿಗೆ ಮಲೇರಿಯಾದಿಂದ ಅಂಶತಃ ರಕ್ಷಣೆ ದೊರೆಯುತ್ತದೆಂದು 1954ರಲ್ಲಿ ಆಂಥೊನಿ ಆಲಿಸನ್ನರು ಪೂರ್ವ ಆಫ್ರಿಕೆಯ ಅಧ್ಯಯನದಿಂದ ತೋರಿಸಿಕೊಟ್ಟ ಕಾರಣವೂ ಆ ವಾರ್ಡಿನಲ್ಲಿ ನಿಂತಾಗ ಮೂರ್ತರೂಪವನ್ನು ತಾಳುತ್ತದೆ.

ಎರಡನೆಯದಾಗಿ, ಅಲ್ಲಿ ಯಾರಿಂದ ಕಲಿಯಬೇಕೆಂಬುದೂ ಒಂದು ಪಾಠವೇ. ಪೂರ್ವ ಮತ್ತು ದಕ್ಷಿಣ ಆಫ್ರಿಕೆಯ ಹಲವು ದೇಶಗಳಲ್ಲಿ ಗ್ರಾಮಾಂತರದ ವೈದ್ಯಭಾರವನ್ನು ಹೊತ್ತವರು ಪೂರ್ಣಪದವೀಧರರಲ್ಲ. ಕೆಲವೇ ವರ್ಷಗಳ ಶಿಕ್ಷಣ ಪಡೆದ ಕ್ಲಿನಿಕಲ್ ಆಫೀಸರರು. ಮಲಾವಿಯ ಜಿಲ್ಲಾ ಆಸ್ಪತ್ರೆಗಳಲ್ಲಿ ಹೊಟ್ಟೆಕೊಯ್ದು ಮಗುವನ್ನು ತೆಗೆಯುವ ಶಸ್ತ್ರಕ್ರಿಯೆಯ ಬಹುಭಾಗವನ್ನು ಇವರೇ ನಿರ್ವಹಿಸುತ್ತಾರೆ. ನಮ್ಮ ಕಡೆಯವರಿಗೆ ಇದು ಅಪರಿಚಿತವಾಗಬೇಕಾದುದಿಲ್ಲ. ಗದಗು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಎಂ.ಬಿ.ಬಿ.ಎಸ್. ಪದವಿಯಿಲ್ಲದ ಎಲ್.ಸಿ.ಪಿ.ಎಸ್. ವೈದ್ಯರು ಊರೂರಿಗೆ ತಿರುಗಿ ಲಕ್ಷಾಂತರ ಜನರನ್ನು ಬದುಕಿಸಿದರು. 1946ರ ಭೋರ್ ಸಮಿತಿಯ ವರದಿಯ ಅನಂತರ ಆ ಬಗೆಯ ಶಿಕ್ಷಣವೇ ನಿಂತುಹೋಯಿತು. ಅದು ನಿಂತುದು ಒಳ್ಳೆಯದಾಯಿತೋ ಇಲ್ಲವೋ ಎಂಬ ಚರ್ಚೆ ಇನ್ನೊಮ್ಮೆಗಿರಲಿ. ಇಷ್ಟು ಮಾತ್ರ ನಿಜ: ಎಂ.ಬಿ.ಬಿ.ಎಸ್. ಎಂಬ ನಾಲ್ಕು ಅಕ್ಷರಗಳ ಅಭಿಮಾನವನ್ನು ಕಳಚಿಟ್ಟು, ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ದಾದಿಯ ಪಕ್ಕದಲ್ಲಿ ಕೈಕಟ್ಟಿ ನಿಲ್ಲಬಲ್ಲ ವಿದ್ಯಾರ್ಥಿಗೆ, ತನ್ನ ಕಾಲೇಜಿನ ದೊಡ್ಡ ದೊಡ್ಡ ಉಪನ್ಯಾಸಮಂದಿರಗಳು ಕೊಡಲಾರದ ವಿದ್ಯೆ ಅಲ್ಲಿ ಲಭಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕು. ಕೈಗಳು ಕಡಿಮೆಯಿರುವ ಆಸ್ಪತ್ರೆಯಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಗೆ ಅವನ ಯೋಗ್ಯತೆಗೆ ಮೀರಿದ ಕೆಲಸ ತಾನಾಗಿಯೇ ಎದುರು ಬರುತ್ತದೆ. ಬೆನ್ನುಹುರಿಗೆ ಸೂಜಿ ಚುಚ್ಚಲು, ಹೊಲಿಗೆ ಹಾಕಲು, ಕೆಲವೊಮ್ಮೆ ಶಸ್ತ್ರವನ್ನೇ ಹಿಡಿಯಲು ಅವಕಾಶ ಸಿಗುತ್ತದೆ. ಕೆಲವರು ಅದನ್ನೇ ಈ ಪ್ರವಾಸದ ಆಕರ್ಷಣೆಯೆಂದು ಹೇಳಿಕೊಳ್ಳುವುದನ್ನು ಕೇಳಿ ನಾನು ನೊಂದುಕೊಂಡಿದ್ದೇನೆ. ಗದಗಿನ ರೋಗಿಯ ಮೇಲೆ ಯಾವುದನ್ನು ಮಾಡಲು ನಿಮಗೆ ಅಧಿಕಾರವಿಲ್ಲವೋ ಅದನ್ನು ಟಾಂಜಾನಿಯಾದ ಅರೂಷಾದ ರೋಗಿಯ ಮೇಲೆ ಮಾಡಲು ಯಾವ ಅಧಿಕಾರವೂ ಹುಟ್ಟುವುದಿಲ್ಲ; ಬಡವನ ದೇಹವು ಪರದೇಶದ್ದಾದ ಮಾತ್ರಕ್ಕೆ ಅಭ್ಯಾಸದ ಪಾಟಿಯಾಗುವುದಿಲ್ಲ. ಹಿರಿಯರು ಬಳಿಯಲ್ಲಿ ನಿಂತು ಕಲಿಸಿದರೆ ಕಲಿಯಿರಿ. ಅವರಿಲ್ಲದಿದ್ದರೆ “ಇದು ನನಗೆ ಬಾರದು” ಎಂಬ ಮಾತನ್ನು ನಿಸ್ಸಂಕೋಚವಾಗಿ ಆಡಿರಿ. ಅಲ್ಲಿಯ ಸ್ವಾಹಿಲಿ ನುಡಿಯಲ್ಲಿ ಮೊದಲು ಕಲಿಯಬೇಕಾದ ವಾಕ್ಯಗಳಲ್ಲಿ ಇದೂ ಒಂದು.

ವಿನಯ ಬೇಕೆನ್ನುವುದು ನೀತಿಪಾಠ ಮಾತ್ರವಲ್ಲ. ಅದು ಜೀವಮರಣದ ಪ್ರಶ್ನೆಯೂ ಹೌದು. ಹಾವು ಕಚ್ಚಿದ ರೋಗಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೊಂಬಳದ ಹೊಲಗಳಲ್ಲಿ ದುಡಿಯುವವರಿಗೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕರ ಪರಿಚಯವುಂಟು. ಭಾರತದಲ್ಲಿ ತಯಾರಾಗುವ ವಿಷಪ್ರತಿರೋಧಕ ಔಷಧವು ಈ ನಾಲ್ಕರ ವಿಷಕ್ಕಾಗಿಯೇ ಸಿದ್ಧವಾದುದು. ಆ ಸೀಸೆಯನ್ನು ಏರಿಸಿದ ಕೆಲವು ಗಂಟೆಗಳಲ್ಲಿ ರಕ್ತ ಮತ್ತೆ ಹೆಪ್ಪುಗಟ್ಟುವುದನ್ನು ಕಣ್ಣಾರೆ ಕಂಡ ನಮ್ಮ ತರುಣ ವೈದ್ಯನಿಗೆ ಅದರಲ್ಲಿ ಅಚಲವಾದ ಶ್ರದ್ಧೆ ಇರುವುದು ಸಹಜ. ಆಫ್ರಿಕೆಯಲ್ಲಿಯೂ ಉರಿಮಂಡಲದ ಕುಲದ ಹಾವುಗಳಿವೆ. ನೋಡಲು ನಮ್ಮದರಂತೆಯೇ ಇವೆ. ಆದರೆ ಅವುಗಳ ವಿಷವು ಬೇರೆಯಾದುದರಿಂದ ಭಾರತೀಯ ಹಾವುಗಳಿಗಾಗಿ ಮಾಡಿದ ಔಷಧ ಅಲ್ಲಿ ಫಲಕಾರಿಯಾಗುವುದಿಲ್ಲ. ಅದನ್ನು ತರಿಸಿ ಬಳಸಿದ ಘಾನಾ ಮತ್ತು ಚಾಡ್ ದೇಶಗಳಲ್ಲಿ ಸಾವುಗಳು ಹೆಚ್ಚಾದುದನ್ನು ಅಲ್ಲಿಯ ವೈದ್ಯರು ದಾಖಲಿಸಿದ್ದಾರೆ. ಒಂದು ನೆಲದಲ್ಲಿ ಅಮೃತವಾದುದು ಮತ್ತೊಂದು ನೆಲದಲ್ಲಿ ಬರಿಯ ನೀರಾಗಬಹುದು. ಆ ನೆಲದ ಹಾವನ್ನು ಆ ನೆಲದವನಿಂದ ಕೇಳಿ ತಿಳಿಯದೆ ವೈದ್ಯನಿಗೆ ಬೇರೆ ದಾರಿಯಿಲ್ಲ.

ಹಾಗೆಂದು ನಮ್ಮ ನೆಲದ ಅನುಭವವೆಲ್ಲ ಅಲ್ಲಿ ವ್ಯರ್ಥವೆಂದು ಭಾವಿಸಬಾರದು. ಗದಗು ಜಿಲ್ಲೆಯವನು ಲಂಡನ್ನಿನವನಿಗಿಂತ ಹೆಚ್ಚಿನ ಸಿದ್ಧತೆಯೊಡನೆ ಆಫ್ರಿಕೆಗೆ ಕಾಲಿಡುತ್ತಾನೆಂಬುದು ನಾನು ಕಂಡುಕೊಂಡ ಸತ್ಯ. ಅರೂಷಾ ಪಟ್ಟಣದ ಪೂರ್ವಕ್ಕೆ, ಮೇರು ಎಂಬ ಜ್ವಾಲಾಮುಖಿಯ ಬುಡದ ಹಳ್ಳಿಗಳ ಶಾಲೆಯ ಮಕ್ಕಳು ನಕ್ಕಾಗ ಅವರ ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳು ತೋರುತ್ತಿದ್ದುವು; ಮುದುಕರಲ್ಲಿ ಕೆಲವರ ಬೆನ್ನು ಮರದ ಹಲಗೆಯಂತೆ ಬಾಗದೆ ಸೆಟೆದಿತ್ತು. ನಮ್ಮ ಜೊತೆಯಲ್ಲಿದ್ದ ಯುರೋಪಿನ ವಿದ್ಯಾರ್ಥಿಗಳು ವಿಸ್ಮಯದಿಂದ ನೋಡುತ್ತಿದ್ದುದನ್ನು ನಾನು ಮುಂಡರಗಿ ತಾಲೂಕಿನ ಹಳ್ಳಿಗಳಲ್ಲಿ ಬಾಲ್ಯದಿಂದ ಕಂಡಿದ್ದೆ. ಕುಡಿಯುವ ನೀರಿನಲ್ಲಿ ಫ್ಲೋರೈಡು ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಹಲ್ಲುಗಳೂ, ವರ್ಷಾನುಗಟ್ಟಲೆ ಬಹಳ ಹೆಚ್ಚಾಗಿದ್ದರೆ ಎಲುಬುಗಳೂ ಕೆಡುತ್ತವೆ. ನಮ್ಮಲ್ಲಿ ಆ ಫ್ಲೋರೈಡು ಕೊಳವೆಬಾವಿಗಳು ತಲುಪಿದ ಆಳದ ಪುರಾತನ ಶಿಲೆಗಳಿಂದ ನೀರಿಗೆ ಇಳಿಯುತ್ತದೆ. ಅಲ್ಲಿ ಜ್ವಾಲಾಮುಖಿ ಉಗುಳಿದ ಬೂದಿ ಮತ್ತು ಲಾವಾರಸದಿಂದ ಇಳಿಯುತ್ತದೆ. ಭೂಗರ್ಭದ ಕಥೆ ಬೇರೆಯಾದರೂ ಮಗುವಿನ ಹಲ್ಲಿನ ಮೇಲೆ ಅದು ಬರೆಯುವ ಬರಹ ಒಂದೇ.

ಈ ಸಾಮ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ಭಾರತದಲ್ಲಿ ಫ್ಲೋರೈಡಿನ ಈ ರೋಗವನ್ನು 1937ರಲ್ಲಿ ಶಾರ್ಟ್ ಮೊದಲಾದ ವಿಜ್ಞಾನಿಗಳು ಅಂದಿನ ಮದರಾಸು ಪ್ರಾಂತದಲ್ಲಿ ಗುರುತಿಸಿ ವರ್ಣಿಸಿದರು. ಅನಂತರ ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾಲಯದವರು ಫಟಿಕವನ್ನೂ ಸುಣ್ಣವನ್ನೂ ಬೆರಸಿ ನೀರಿನಿಂದ ಫ್ಲೋರೈಡನ್ನು ತೆಗೆಯುವ ಕ್ರಮವನ್ನು ರೂಪಿಸಿ, ತೆಲಂಗಾಣದ ನಲಗೊಂಡೆಯ ಹೆಸರನ್ನೇ ಅದಕ್ಕಿಟ್ಟರು. ಆ ನಲಗೊಂಡೆಯ ಕ್ರಮವನ್ನು ಅರೂಷಾದ ಬಳಿಯ ಎನ್ಗುರ್ದೋಟೊ ಎಂಬಲ್ಲಿ ಪ್ರಯೋಗಿಸಿ ನೋಡಿದರು. ಜೊತೆಗೆ ದನದ ಎಲುಬುಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ನೀರನ್ನು ಸೋಸುವ ವಿಧಾನವನ್ನೂ ಟಾಂಜಾನಿಯದವರು ಬೆಳೆಸಿದರು. ದಖ್ಖಣದ ಬುದ್ಧಿ ಆಫ್ರಿಕೆಗೆ ಹೋಗಿದೆ. ಆಫ್ರಿಕೆಯ ಬುದ್ಧಿ ದಖ್ಖಣಕ್ಕೆ ಬರಬಹುದು. ಆಸ್ಪತ್ರೆಯ ಹೊರರೋಗಿಗಳ ಕೋಣೆಯಲ್ಲಿ ಕುಳಿತವನಿಗೆ ಬೆನ್ನುನೋವಿನ ಮುದುಕ ಮಾತ್ರ ಕಾಣುತ್ತಾನೆ. ರಜೆಯ ದಿನ ಆ ಮುದುಕನ ಊರಿಗೆ ನಡೆದು ಹೋಗಿ ಅವನ ಮನೆಯ ಕೊಡದ ನೀರನ್ನು ಕಂಡವನಿಗೆ ರೋಗದ ಬೇರು ಕಾಣುತ್ತದೆ.

ಸಂಚಾರವೇ ಸಂಶೋಧನೆಯಾದ ಕಥೆಗಳಲ್ಲಿ ಡೆನಿಸ್ ಬರ್ಕಿಟ್ಟರದಕ್ಕೆ ಸಮನಾದುದು ವಿರಳ. ಬಾಲ್ಯದಲ್ಲಿಯೇ ಒಂದು ಕಣ್ಣನ್ನು ಕಳೆದುಕೊಂಡ ಈ ಐರಿಶ್ ಶಸ್ತ್ರವೈದ್ಯರು ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿದ್ದಾಗ, 1957ರಲ್ಲಿ, ದವಡೆಯ ನಾಲ್ಕೂ ಮೂಲೆಗಳು ಊದಿದ್ದ ಒಂದು ಮಗುವನ್ನು ನೋಡಿದರು. ಸ್ವಲ್ಪ ಕಾಲದಲ್ಲಿಯೇ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಅಂತಹುದೇ ಇನ್ನೊಂದು ಮಗುವನ್ನು ಕಂಡರು. ಈ ಅರ್ಬುದ ಎಲ್ಲೆಲ್ಲಿದೆ, ಎಲ್ಲೆಲ್ಲಿಲ್ಲ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಆಫ್ರಿಕೆಯ ಆಸ್ಪತ್ರೆಗಳಿಗೆ ಚಿತ್ರಸಹಿತವಾದ ಪ್ರಶ್ನಪತ್ರಗಳನ್ನು ಕಳುಹಿಸಿದರು. ಅಷ್ಟರಿಂದ ತೃಪ್ತಿಯಾಗದೆ, 1961ರಲ್ಲಿ ಟೆಡ್ ವಿಲಿಯಮ್ಸ್ ಮತ್ತು ಕ್ಲಿಫರ್ಡ್ ನೆಲ್ಸನ್ ಎಂಬ ಇಬ್ಬರು ಮಿತ್ರರೊಡನೆ ಹಳೆಯ ಮೋಟಾರಿನಲ್ಲಿ ಹೊರಟು, ಹತ್ತು ವಾರಗಳಲ್ಲಿ ಹತ್ತು ಸಾವಿರ ಮೈಲಿ ಸಂಚರಿಸಿ, ಐವತ್ತಕ್ಕೂ ಹೆಚ್ಚು ಆಸ್ಪತ್ರೆಗಳ ಬಾಗಿಲಿಗೆ ಹೋಗಿ ಅಲ್ಲಿಯ ವೈದ್ಯರನ್ನು ಕೇಳಿದರು. ಉತ್ತರಗಳನ್ನು ಭೂಪಟದ ಮೇಲೆ ಗುರುತಿಸಿದಾಗ, ಎತ್ತರದ ತಂಪುನಾಡುಗಳಲ್ಲಿ ರೋಗವಿಲ್ಲವೆಂದೂ ತಗ್ಗಿನ ಬಿಸಿಲು ಮಳೆಗಳ ಸೀಮೆಯಲ್ಲಿ ಮಾತ್ರ ಇದೆಯೆಂದೂ, ಅದು ಹೆಚ್ಚುಕಡಿಮೆ ಮಲೇರಿಯಾದ ಸೀಮೆಯೇ ಎಂದೂ ವ್ಯಕ್ತವಾಯಿತು. ಬರ್ಕಿಟ್ಟರು ಲಂಡನ್ನಿನಲ್ಲಿ ಮಾಡಿದ ಭಾಷಣವನ್ನು ಕೇಳಿದ ಸಂಶೋಧಕ ಎಪ್‌ಸ್ಟೈನರು ತಮ್ಮ ಸಹೋದ್ಯೋಗಿಗಳೊಡನೆ 1964ರಲ್ಲಿ ಆ ಗಡ್ಡೆಯ ಜೀವಕೋಶಗಳೊಳಗೆ ಒಂದು ಹೊಸ ವೈರಸ್ಸನ್ನು ಕಂಡುಹಿಡಿದರು. ಮಾನವನ ಕ್ಯಾನ್ಸರಿಗೆ ಸಂಬಂಧಪಟ್ಟ ಮೊತ್ತಮೊದಲ ವೈರಸ್ ಅದು. ಊರಿಂದೂರಿಗೆ ಹೋಗಿ, ದಾರಿಯ ಹವೆಯನ್ನೂ ಎತ್ತರವನ್ನೂ ಗಮನಿಸಿ, ಕೇಳಿ ಬರೆದುಕೊಂಡ ಮೂವರ ಸಂಚಾರದಿಂದ ವೈದ್ಯಶಾಸ್ತ್ರದ ಒಂದು ಹೊಸ ಅಧ್ಯಾಯವೇ ತೆರೆಯಿತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಅಂಚಿನ ಜನರಿಗೆ 1957ರಲ್ಲಿ ಬಂದ ವಿಚಿತ್ರವಾದ ಜ್ವರವನ್ನು ಬರಿಯ ರೋಗಿಗಳ ಹಾಸಿಗೆಯ ಬಳಿ ನಿಂತು ಯಾರೂ ಬಿಡಿಸಲಾಗುತ್ತಿರಲಿಲ್ಲ. ಕಾಡಿನೊಳಗೆ ಮಂಗಗಳು ಸತ್ತು ಬೀಳುತ್ತಿವೆಯೆಂಬ ಹಳ್ಳಿಗರ ಮಾತಿಗೆ ಕಿವಿಗೊಟ್ಟು ಕಾಡನ್ನು ಹೊಕ್ಕ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅದು ಉಣ್ಣೆಗಳಿಂದ ಹರಡುವ ಹೊಸ ವೈರಸ್ಸೆಂದು ತಿಳಿದರು. ಮೊಜಾಂಬಿಕ್ ದೇಶದ ನಾಂಪುಲಾ ಪ್ರಾಂತದಲ್ಲಿ 1981ರಲ್ಲಿ ಸಾವಿರಕ್ಕೂ ಮಿಕ್ಕಿದ ಜನರ, ಅದರಲ್ಲಿಯೂ ಹೆಂಗಸರ ಮತ್ತು ಮಕ್ಕಳ, ಕಾಲುಗಳ ಶಕ್ತಿ ಹಠಾತ್ತನೆ ಉಡುಗಿದಾಗಲೂ ಹೀಗೆಯೇ ಆಯಿತು. ಸೋಂಕಿನ ಶಂಕೆಯಿಂದ ಆರಂಭವಾದ ಶೋಧನೆ ಮುಟ್ಟಿದುದು ಅಡಿಗೆಯ ಮನೆಯನ್ನು: ಬರಗಾಲದಲ್ಲಿ ಕಹಿಮರಗೆಣಸೊಂದೇ ಉಳಿದ ಆಹಾರವಾಗಿ, ಹಸಿದ ಜನ ಅದನ್ನು ವಾಡಿಕೆಯಂತೆ ಬಹುದಿನ ಒಣಗಿಸುವಷ್ಟು ಕಾಯಲಾರದೆ ಉಂಡುದರಿಂದ, ಅದರೊಳಗಿನ ಸಯನೈಡ್ ವಿಷ ಅವರ ನರಗಳನ್ನು ಕೆಡಿಸಿತ್ತು. ಹಸಿವು, ಮಳೆ, ಅಡಿಗೆಯ ಕ್ರಮ ಇವು ಯಾವ ಪ್ರಯೋಗಶಾಲೆಯ ವರದಿಯಲ್ಲಿಯೂ ಮುದ್ರಿತವಾಗಿ ಬರುವುದಿಲ್ಲ.

ಹಾಗಾದರೆ ಸಿಂಹವನ್ನು ನೋಡಬಾರದೆ ಎಂದು ತರುಣರು ಕೇಳಬಹುದು. ಖಂಡಿತವಾಗಿಯೂ ನೋಡಬೇಕು. ಎನ್ಗೊರೊಂಗೊರೊ ಎಂಬ ಜ್ವಾಲಾಮುಖಿಯ ಬಟ್ಟಲಿನ ಅಂಚಿನಲ್ಲಿ ಮುಂಜಾವಿನ ಮಂಜು ಸರಿದು ಕೆಳಗಿನ ಬಯಲಿನಲ್ಲಿ ಸಾವಿರಾರು ಮೃಗಗಳು ಮೇಯುವುದು ಕಾಣಿಸಿದಾಗ, ಜೀವಲೋಕದ ವೈಭವಕ್ಕೆ ಮನಸ್ಸು ತಾನಾಗಿ ಮಣಿಯುತ್ತದೆ. 5,895 ಮೀಟರ್ ಎತ್ತರದ ಕಿಲಿಮಂಜಾರೊವಿನ ಹಿಮಶಿಖರವನ್ನು ಆಸ್ಪತ್ರೆಯ ಅಂಗಳದಿಂದಲೇ ಸಂಜೆ ಕಂಡ ನೆನಪು ನನ್ನಲ್ಲಿ ಇನ್ನೂ ಮಾಸಿಲ್ಲ. ಆದರೆ ಅಭಯಾರಣ್ಯವೊಂದೇ ಆಫ್ರಿಕೆಯಲ್ಲ. ವಾರದ ಸಂತೆಗೆ ಹೋಗಿರಿ. ಅಲ್ಲಿ ಜೋಳದ ರಾಶಿಯನ್ನು ಕಂಡಾಗ, ಹೊಂಬಳದ ರೊಟ್ಟಿಯ ಮೂಲಪುರುಷನು ಸಹಸ್ರಾರು ವರ್ಷಗಳ ಹಿಂದೆ ಸೂಡಾನಿನ ಸೀಮೆಯಲ್ಲಿಯೇ ಕೃಷಿಗೆ ಒಳಗಾದವನೆಂಬುದನ್ನು ನೆನೆಯಿರಿ. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕೆಯ ಎತ್ತರದ ನಾಡುಗಳೇ. ರಸ್ತೆಯ ಬದಿಯಲ್ಲಿ ಆನೆಗಾಲಿನಂತಹ ಬೊಡ್ಡೆಯ ಬಾವೊಬಾಬ್ ಮರ ಕಾಣಿಸಿದರೆ, ಲಕ್ಷ್ಮೇಶ್ವರದಿಂದ ದೂರವಲ್ಲದ ಸವಣೂರಿನ ದೊಡ್ಡಹುಣಸೆಕಲ್ಮಠದ ಆವರಣದಲ್ಲಿ ಬೆಳೆದ ಮೂರು ಮಹಾವೃಕ್ಷಗಳು ಇದೇ ಕುಲದವೆಂಬುದನ್ನು ನೆನೆಯಿರಿ. ಯಲ್ಲಾಪುರ ಹಳಿಯಾಳಗಳ ಕಾಡಿನಲ್ಲಿ ಕನ್ನಡ ಕೊಂಕಣಿಗಳನ್ನಾಡುತ್ತ ಬಾಳುವ ಸಿದ್ಧಿಗಳ ಪೂರ್ವಿಕರೂ ಆಫ್ರಿಕೆಯಿಂದ ಬಂದವರೇ. ಇಷ್ಟನ್ನು ತಿಳಿದು ಹೋದವನಿಗೆ ಆಫ್ರಿಕೆ ಪರದೇಶವೆನಿಸಿದರೂ ಪರಕೀಯವೆನಿಸುವುದಿಲ್ಲ. ಮಳೆಗಾಲದಲ್ಲಿ ಅಲ್ಲಿಯ ಎರೆಮಣ್ಣಿನಲ್ಲಿ ಮೋಟಾರಿನ ಗಾಲಿ ಹೂತು ನಿಂತಾಗ, ಹೊಂಬಳದವನಿಗೆ ಅದನ್ನು ಎತ್ತುವ ಉಪಾಯವೂ ತಿಳಿದಿರುತ್ತದೆ.

ತಂದೆತಾಯಿಗಳ ಭಯಗಳಿಗೂ ಉತ್ತರ ಹೇಳಬೇಕು. ಕಾಡುಮೃಗಗಳ ಭಯ ಬಹುಮಟ್ಟಿಗೆ ನಿರಾಧಾರ; ನಿಜವಾದ ಭಯ ರಸ್ತೆಯದು. ಬೊಡಾಬೊಡಾ ಎಂಬ ಬಾಡಿಗೆಯ ಮೋಟಾರ್ ಸೈಕಲ್ಲುಗಳಿಂದ ಬಿದ್ದವರೇ ಅಲ್ಲಿಯ ಎಲುಬಿನ ವಾರ್ಡುಗಳಲ್ಲಿ ತುಂಬಿರುತ್ತಾರೆ. ರಾತ್ರಿಯ ಪ್ರಯಾಣವನ್ನೂ ಹೆಲ್ಮೆಟ್ಟಿಲ್ಲದ ಸವಾರಿಯನ್ನೂ ನಿಮ್ಮ ಮಕ್ಕಳು ಪೂರ್ಣವಾಗಿ ವರ್ಜಿಸಲಿ. ಮಲೇರಿಯಾಕ್ಕೆ ಪ್ರತಿಬಂಧಕ ಮಾತ್ರೆಗಳಿವೆ. ವೈದ್ಯರ ಸಲಹೆಯಂತೆ ಹೊರಡುವ ಮುನ್ನವೇ ಆರಂಭಿಸಿ ಮರಳಿದ ಮೇಲೂ ಹೇಳಿದಷ್ಟು ದಿನ ನುಂಗಬೇಕು, ಸೊಳ್ಳೆಪರದೆಯೊಳಗೇ ಮಲಗಬೇಕು. ಊರಿಗೆ ಬಂದ ಬಳಿಕ ಜ್ವರ ಬಂದರೆ ಆಫ್ರಿಕೆಗೆ ಹೋಗಿದ್ದೆನೆಂಬುದನ್ನು ಮೊದಲ ಮಾತಾಗಿ ವೈದ್ಯನಿಗೆ ತಿಳಿಸಬೇಕು. ಪೀತಜ್ವರದ ಲಸಿಕೆಯನ್ನು ಸರ್ಕಾರದ ಮನ್ನಣೆಯಿರುವ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು. ಅದರ ಪ್ರಮಾಣಪತ್ರ ಲಸಿಕೆಯಾದ ಹತ್ತು ದಿನಗಳ ಮೇಲೆ ಸಿಂಧುವಾಗುತ್ತದೆ, ಮತ್ತು ಅದಿಲ್ಲದೆ ಆ ರೋಗದ ಸೀಮೆಯಿಂದ ಮರಳಿದವರನ್ನು ನಮ್ಮ ವಿಮಾನನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವುದುಂಟು. ಎಚ್.ಐ.ವಿ. ಇರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ 72 ಗಂಟೆಗಳೊಳಗೆ, ಸಾಧ್ಯವಾದರೆ ಕೆಲವೇ ಗಂಟೆಗಳಲ್ಲಿ, ಔಷಧವನ್ನು ಆರಂಭಿಸಿ 28 ದಿನ ಮುಂದುವರಿಸಬೇಕು. ಆ ಮಾತ್ರೆಗಳು ಆ ಆಸ್ಪತ್ರೆಯಲ್ಲಿ ಎಲ್ಲಿವೆಯೆಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳುವುದು ವಿವೇಕ. ಅಂದಹಾಗೆ, 2001ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯು, ಅಲ್ಲಿಯವರೆಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರುತ್ತಿದ್ದ ಎಚ್.ಐ.ವಿ. ಔಷಧಗಳನ್ನು ಸೇವಾಸಂಸ್ಥೆಯೊಂದಕ್ಕೆ 350 ಡಾಲರಿಗೆ ಕೊಡುವೆನೆಂದುದು ಆಫ್ರಿಕೆಯ ಚರಿತ್ರೆಯಲ್ಲಿ ಒಂದು ತಿರುವು. ಭಾರತದ ಹೆಸರಿರುವ ಆ ಡಬ್ಬಿಗಳನ್ನು ಅಲ್ಲಿಯ ಔಷಧಾಲಯಗಳಲ್ಲಿ ಕಾಣುವಾಗ ಆಗುವ ಸಂತೋಷ ಸಣ್ಣದಲ್ಲ. ಊಟದ ಚಿಂತೆಯಂತೂ ಬೇಡ. ಗೋವಿನಜೋಳದ ಹಿಟ್ಟಿನ ಉಗಾಲಿ ನಮ್ಮ ಸಂಗಟಿಯ ಹತ್ತಿರದ ಬಂಧು. ಅದರ ಜೊತೆಗೆ ಬರುವ ಮ್ಚಿಚಾ ನಮ್ಮ ರಾಜಗಿರಿ ಪಲ್ಯವೇ. ಬೇಯಿಸಿದ ಅವರೆಯಂತಹ ಕಾಳುಗಳೂ, ಭಾರತೀಯರು ಒಯ್ದು ನೆಲೆಗೊಳಿಸಿದ ಚಪಾತಿಯೂ ಎಲ್ಲೆಡೆ ದೊರೆಯುತ್ತವೆ.

ಹೋಗುವ ಮಾರ್ಗದ ವಿಷಯದಲ್ಲಿ ನನ್ನ ಸಲಹೆ ಸರಳವಾದುದು. ಸೇವೆಯನ್ನೂ ವಿಹಾರವನ್ನೂ ಒಂದೇ ಕಟ್ಟಿನಲ್ಲಿ ಮಾರುವ ಮಧ್ಯಸ್ಥರಿಗೆ ದೊಡ್ಡ ಮೊತ್ತವನ್ನು ತೆರುವ ಬದಲು, ನಿಮ್ಮ ಕಾಲೇಜಿನ ಮುಖ್ಯಸ್ಥರ ಮೂಲಕ ಅಲ್ಲಿಯ ಬೋಧಕ ಆಸ್ಪತ್ರೆಗೆ ನೇರವಾಗಿ ಬರೆಯಿರಿ. 2019ರಲ್ಲಿ ಜಾರಿಗೆ ಬಂದ ನಮ್ಮ ಹೊಸ ಪಠ್ಯಕ್ರಮವು ವಿದ್ಯಾರ್ಥಿಯು ತಾನೇ ಆರಿಸಿಕೊಳ್ಳುವ ವಿಷಯಾಭ್ಯಾಸಕ್ಕೆ ಅವಕಾಶವನ್ನು ಕಲ್ಪಿಸಿದೆ. ಆದರೆ ಪರದೇಶದಲ್ಲಿ ಕಳೆದ ಕಾಲವು ಅದಕ್ಕೆ ಸಲ್ಲುವುದೋ ಇಲ್ಲವೋ ಎಂಬುದನ್ನು ಕಾಲೇಜಿನಿಂದ ಲಿಖಿತವಾಗಿ ಪಡೆದುಕೊಂಡು, ಆ ದೇಶದ ವೈದ್ಯಪರಿಷತ್ತಿನ ಅನುಮತಿಯನ್ನೂ ವೀಸಾದ ಬಗೆಯನ್ನೂ ವಿಚಾರಿಸಿಕೊಂಡೇ ಟಿಕೇಟು ಕೊಳ್ಳಿರಿ. ನಾಲ್ಕು ದೇಶಗಳನ್ನು ಮುಟ್ಟಿ ಬರುವ ಆಸೆಯನ್ನು ಬಿಡಿರಿ. ಒಂದೇ ಆಸ್ಪತ್ರೆಯಲ್ಲಿ ನಿಂತವನಿಗೆ ಮಾತ್ರ ದಾದಿಯರು ಹೆಸರು ಹಿಡಿದು ಕರೆಯುತ್ತಾರೆ, ರೋಗಿಗಳು ಮನೆಗೆ ಕರೆಯುತ್ತಾರೆ. ನಾನು ಮೇಲೆ ಹೇಳಿದ ಸಕಲವಿದ್ಯೆಯೂ ಆ ಕರೆಯಿಂದಲೇ ಆರಂಭವಾಗುತ್ತದೆ.

ಕೊನೆಯದಾಗಿ, ಈ ಸಂಬಂಧವು ಒಮ್ಮುಖವಾಗಿ ಉಳಿಯಬಾರದೆಂಬ ಹಂಬಲವನ್ನು ಓದುಗರ ಮುಂದೆ ಇಡುತ್ತೇನೆ. 2009ರಲ್ಲಿ ಭಾರತಸರ್ಕಾರವು ಆಫ್ರಿಕೆಯ ದೇಶಗಳೊಡನೆ ಉಪಗ್ರಹದ ಮೂಲಕ ವೈದ್ಯಸಲಹೆಯ ಜಾಲವನ್ನು ಆರಂಭಿಸಿದಾಗ ಬೆಂಗಳೂರಿನ ನಾರಾಯಣ ಹೃದಯಾಲಯವೂ ಅದರಲ್ಲಿ ಸೇರಿತ್ತು. ನಮ್ಮ ನಗರಗಳ ತಜ್ಞರು ಅಲ್ಲಿಯ ರೋಗಿಗಳಿಗೆ ಸಲಹೆ ನೀಡಿದರು. ಅದು ಸ್ತುತ್ಯವಾದ ಕಾರ್ಯ. ಆದರೆ ಸಲಹೆ ಕೊಡುವ ಸಂಬಂಧಕ್ಕಿಂತ ಕೂಡಿ ಕಲಿಯುವ ಸಂಬಂಧ ದೊಡ್ಡದು. ಮೋಶಿಗೆ ಹೋಗಬಯಸುವ ಗದಗಿನ ವಿದ್ಯಾರ್ಥಿಗೆ ಬಾಗಿಲು ತೆರೆದಿರಬೇಕಾದರೆ, ಗದಗಿಗೆ ಬರಬಯಸುವ ಮೋಶಿಯ ವಿದ್ಯಾರ್ಥಿಗೂ ಇಲ್ಲಿ ಬಾಗಿಲು ತೆರೆದಿರಬೇಕಲ್ಲವೆ? ಅವರು ಇಲ್ಲಿಗೆ ಬರಲಿ. ಮುಂಡರಗಿಯ ಹಳ್ಳಿಗಳ ನೀರನ್ನೂ ಹಲ್ಲುಗಳನ್ನೂ ನಮ್ಮವರೊಡನೆ ಕೂಡಿ ಪರೀಕ್ಷಿಸಲಿ, ಕಪ್ಪತಗುಡ್ಡದ ಗಿಡಮೂಲಿಕೆಗಳನ್ನು ಬಲ್ಲವರ ಮಾತನ್ನು ಕೇಳಲಿ, ಹಾವು ಕಚ್ಚಿದವರನ್ನು ನಾವು ಹೇಗೆ ಉಳಿಸಿಕೊಳ್ಳುತ್ತೇವೆಂಬುದನ್ನು ನೋಡಲಿ. ಇದಕ್ಕೆ ಬೇಕಾದುದು ದೊಡ್ಡ ಅನುದಾನವಲ್ಲ. ಎರಡು ಕಾಲೇಜುಗಳ ನಡುವೆ ಒಂದು ಒಪ್ಪಂದ, ಇಬ್ಬರು ಉತ್ಸಾಹಿ ಅಧ್ಯಾಪಕರು, ಮತ್ತು ಅತಿಥಿಗಳಿಗೆ ಇರಲು ಒಂದೆರಡು ಕೋಣೆಗಳು. ಅಲ್ಲಿಯವರೆಗೆ, ಆಫ್ರಿಕೆಗೆ ಹೊರಡುವ ನಮ್ಮ ತರುಣರು ಅದಕ್ಕೂ ಮೊದಲು ನಮ್ಮ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳಾದರೂ ಇದ್ದು, ಬಂದ ರೋಗಿಗಳ ಮನೆಗಳಿಗೆ ನಡೆದು ಹೋಗಿ, ಅವರು ಕುಡಿಯುವ ನೀರನ್ನೂ ಉಣ್ಣುವ ಅನ್ನವನ್ನೂ ವಿಚಾರಿಸುವ ಅಭ್ಯಾಸವನ್ನು ಇಲ್ಲಿಯೇ ಆರಂಭಿಸಲಿ. ಸ್ವಂತ ಊರಿನಲ್ಲಿ ಕೇಳಲು ಕಲಿತವನು ಯಾವ ಖಂಡಕ್ಕೆ ಹೋದರೂ ಬರಿಗೈಯಲ್ಲಿ ಮರಳುವುದಿಲ್ಲ.